ಕಿತ್ತಳೆ ವೈರಿನ ಕಾಟ

ಮನೆಯ ಹೀಟಿಂಗ್ ಕೈಕೊಡುತ್ತಿದ್ದುದಕ್ಕೆ ಕಾರಣ ಕೊನೆಗೂ ಸಿಕ್ಕಿಬಿತ್ತು. ಕೆಟ್ಟಿದ್ದು ಬಾಯ್ಲರ್ ಅಲ್ಲ, ಥರ್ಮೋಸ್ಟಾಟ್ ಅಲ್ಲ, ಪಂಪೂ ಅಲ್ಲ. ಹೀಟಿಂಗ್ ವಾಲ್ವ್‌ನ ಹೆಡ್ (ಮೋಟರ್ ಇರುವ ಮೇಲಿನ ಡಬ್ಬಿ) ಒಳಗೆ ಅಡಗಿ ಕೂತಿದ್ದ ಒಂದು ಪುಟ್ಟ ಮೈಕ್ರೋಸ್ವಿಚ್.

ಲೀಡ್ಸ್‌ನ (ಇಂಗ್ಲೆಂಡ್) ನಮ್ಮ ಮನೆಯದು ಎಸ್-ಪ್ಲಾನ್ ಅನ್ನುವ ಹೀಟಿಂಗ್ ವ್ಯವಸ್ಥೆ. ನೀರು ಕಾಯಿಸುವ ಬಾಯ್ಲರ್ ಒಂದು, ಆ ನೀರನ್ನು ಬಿಡುವ ಟೂ-ಪೋರ್ಟ್ ವಾಲ್ವ್ ಎರಡು. ಒಂದು ಕೋಣೆ ಬೆಚ್ಚಗಾಗಿಸುವ ರೇಡಿಯೇಟರ್‌ಗಳಿಗೆ, ಇನ್ನೊಂದು ಬಿಸಿನೀರಿನ ತಾಮ್ರದ ಹಂಡೆಗೆ. ತೊಂದರೆ ಏನಂದರೆ, ಸಂಜೆ ಕೋಣೆ ತಣ್ಣಗಾದಾಗ ಹೀಟಿಂಗ್ ಕೇಳುವ ಥರ್ಮೋಸ್ಟಾಟ್ ಟಕ್ ಅನ್ನುತ್ತದೆ, ವಾಲ್ವ್ ಮೋಟರ್ ಗುಂಯ್ ಅನ್ನುತ್ತದೆ, ಆಮೇಲೆ ಏನೂ ಇಲ್ಲ. ರೇಡಿಯೇಟರ್ ತಣ್ಣಗೆ. ಕೆಲವು ದಿನ ಮಾತ್ರ ಸರಿಯಾಗಿ ಹೊತ್ತಿಕೊಳ್ಳುತ್ತದೆ, ಅದೂ ಅದಕ್ಕೆ ಮನಸ್ಸು ಬಂದಾಗ. ಮನೆಯವಳು ಒಳಗೂ ಜಾಕೆಟ್ ಹಾಕಿಕೊಂಡು ಓಡಾಡುತ್ತಾ, 'ಯಾರನ್ನಾದರೂ ಕರೀರಿ ಅಂದ್ರೆ ಕೇಳಲ್ಲ' ಅಂತ ಮಂತ್ರ ಹೇಳುತ್ತಿದ್ದಳು.

ಆದರೆ ಬೆಳಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ ಮನೆ ಚೆನ್ನಾಗಿ ಬೆಚ್ಚಗಾಗುತ್ತಿತ್ತು. ಇದೇ ಸುಳಿವು. ಬಿಸಿನೀರೂ ಆನ್ ಇದ್ದರೆ ಹೀಟಿಂಗ್ ಬರುತ್ತದೆ, ಹೀಟಿಂಗ್ ಒಂದೇ ಕೇಳಿದರೆ ಬರುವುದಿಲ್ಲ.

ಎಸ್-ಪ್ಲಾನ್‌ನಲ್ಲಿ ಥರ್ಮೋಸ್ಟಾಟ್ ಬಾಯ್ಲರ್‌ಗೆ ನೇರವಾಗಿ ಏನೂ ಹೇಳುವುದಿಲ್ಲ, ಗೊತ್ತಲ್ವಾ. ಅದು ಕಂದು ವೈರಿನಲ್ಲಿ ವಾಲ್ವ್ ಮೋಟರ್‌ಗೆ ಫೇಸ್ ಕೊಡುತ್ತದೆ. ವಾಲ್ವ್ ಪೂರ್ತಿ ತೆರೆದಾಗ ಒಳಗಿನ ಮೈಕ್ರೋಸ್ವಿಚ್ ಒತ್ತಿಕೊಂಡು, ಬೂದು ವೈರಿನಲ್ಲಿ ಸದಾ ಇರುವ ಫೇಸನ್ನು ಕಿತ್ತಳೆ ವೈರಿಗೆ ಸೇರಿಸುತ್ತದೆ. ಕಿತ್ತಳೆಗೆ ಫೇಸ್ ಬಂದರೇನೇ ಬಾಯ್ಲರ್ ಹೊತ್ತುವುದು. ಕಂಡಕ್ಟರ್ 'ರೈಟ್' ಅನ್ನುವ ತನಕ ಡ್ರೈವರ್ ಗೇರ್ ಹಾಕುವುದಿಲ್ಲವಲ್ಲ, ಹಾಗೆ. ಎರಡೂ ವಾಲ್ವ್‌ಗಳ ಕಿತ್ತಳೆ ಒಂದೇ ಟರ್ಮಿನಲ್‌ಗೆ ಬರುತ್ತದೆ. ಹಾಗಾಗಿ ಬಿಸಿನೀರಿನ ವಾಲ್ವ್ ಬಾಯ್ಲರ್ ಹೊತ್ತಿಸಿದರೆ, ತೆರೆದಿರುವ ಹೀಟಿಂಗ್ ವಾಲ್ವ್‌ಗೂ ಪುಕ್ಕಟೆ ಬಿಸಿನೀರು. ಅಂದರೆ ಬಾಯ್ಲರ್, ಪಂಪ್, ಥರ್ಮೋಸ್ಟಾಟ್, ಮೋಟರ್ ಎಲ್ಲ ಸರಿ. ಉಳಿದಿದ್ದು ಹೀಟಿಂಗ್ ವಾಲ್ವ್‌ನ ಬೂದು-ಕಿತ್ತಳೆ ಜೋಡಿ ಮಾತ್ರ.

ಇಷ್ಟು ಲೆಕ್ಕ ಹಾಕಿ ಕೂತಮೇಲೆ ಮೀಟರ್ ಕೈಕೊಟ್ಟಿತು. ಹೀಟಿಂಗ್ ವಾಲ್ವ್‌ನ ಕಿತ್ತಳೆಯನ್ನು ಟರ್ಮಿನಲ್‌ನಿಂದ ಬಿಡಿಸಿ, ಬೇರೆ ಕನೆಕ್ಟರ್‌ಗೆ ಹಾಕಿ, ಹೀಟಿಂಗ್ ಆನ್ ಮಾಡಿ, ನ್ಯೂಟ್ರಲ್‌ಗೆ ಅಳೆದೆ. 90 ವೋಲ್ಟ್ ಆಸುಪಾಸು! ಸ್ವಿಚ್ ಕೂಡಿಕೊಂಡಿದ್ದರೆ 240 ಬರಬೇಕು, ಇಲ್ಲದಿದ್ದರೆ ಸೊನ್ನೆ. ಈ 90 ಎಲ್ಲಿಯ ಪಿಶಾಚಿ?

ನಿಜವಾಗಿಯೂ ಪಿಶಾಚಿಯೇ. ಘೋಸ್ಟ್ ವೋಲ್ಟೇಜ್. ಒಂದೇ ಕೇಬಲ್‌ನಲ್ಲಿ ಬೂದು, ಕಂದು ಎರಡರಲ್ಲೂ ಫೇಸ್ ಇದೆ. ಪಕ್ಕದಲ್ಲಿ ಕಿತ್ತಳೆ ಎಲ್ಲಿಗೂ ಸೇರದೆ ಸುಮ್ನೆ ನೇತಾಡುತ್ತಿದೆ. ವೈರ್‌ಗಳು ಒಂದಕ್ಕೊಂದು ತಾಗದಿದ್ದರೂ ಅವುಗಳ ನಡುವಿನ ಕೆಪಾಸಿಟೆನ್ಸ್ ದಾಟಿ ಚೂರುಪಾರು ಕರೆಂಟ್ ಅದಕ್ಕೂ ಬರುತ್ತದೆ. ಡಿಜಿಟಲ್ ಮೀಟರ್‌ನ ಇನ್‌ಪುಟ್ ರೋಧ ಸಾಮಾನ್ಯವಾಗಿ 10 ಮೆಗಾಓಮ್, ಅಂದರೆ ತುಂಬಾ ಜಾಸ್ತಿ. ಅದು ಆ ಚೂರನ್ನೂ ಹೀರುವುದಿಲ್ಲ, ನಿಜವಾದ ವೋಲ್ಟೇಜ್ ಅನ್ನುವ ಹಾಗೆ ತೋರಿಸುತ್ತದೆ. ಎರಡು ಪ್ರೋಬ್ ಇರುವ ಟೂ-ಪೋಲ್ ಟೆಸ್ಟರ್ ಇಟ್ಟೆ. ಅದು ಸ್ವಲ್ಪ ಕರೆಂಟ್ ಎಳೆದು ಲೋಡ್ ಹಾಕುತ್ತದೆ. 90 ಅಲ್ಲೇ ಮಾಯ. ಊರಿನಲ್ಲಿ ಎಲೆಕ್ಟ್ರಿಷಿಯನ್‌ಗಳು ಹೋಲ್ಡರ್‌ಗೆ ಬಲ್ಬ್ ಹಾಕಿ, ಎರಡು ವೈರ್ ಇಳಿಬಿಟ್ಟು ಇದೇ ಕೆಲಸ ಮಾಡುತ್ತಾರೆ. ಬುದ್ಧಿವಂತಿಕೆ ಅದೇ, ಆದರೆ ಆ ಬೋಳು ವೈರ್ ತುದಿ ನೋಡಿದರೆ ಎದೆ ಝಲ್ ಅನ್ನುತ್ತದೆ. ಇಲ್ಲಿನ ಜಿಎಸ್38 ಅನ್ನುವ ಸುರಕ್ಷತಾ ಸೂಚನೆ ಪ್ರಕಾರ ಪ್ರೋಬ್ ತುದಿಯಲ್ಲಿ 4 ಮಿಲಿಮೀಟರ್‌ಗಿಂತ ಜಾಸ್ತಿ ಲೋಹ ಕಾಣಬಾರದು.

ಆಮೇಲೆ ಹೀಟಿಂಗ್‌ಗೆ ಕರೆಂಟ್ ಕೊಡುವ ಸ್ಪರ್ ಸ್ವಿಚ್ ಆಫ್, ಅದರ 3 ಆಂಪಿಯರ್ ಫ್ಯೂಸ್ ಜೇಬಿಗೆ. ಟೆಸ್ಟರೇ ಕೆಟ್ಟಿಲ್ಲ ಅನ್ನುವ ಖಾತ್ರಿಗೆ ಅದನ್ನು ಮೊದಲು ಕರೆಂಟ್ ಇರುವ ಕಡೆ, ಆಮೇಲೆ ಎಲ್ಲ ವೈರ್ ಸೇರುವ ವೈರಿಂಗ್ ಸೆಂಟರ್‌ನಲ್ಲಿ, ಮತ್ತೆ ಕರೆಂಟ್ ಇರುವ ಕಡೆ ಇಟ್ಟು ನೋಡಿದ ಮೇಲೇ ಕೈ ಹಾಕಿದ್ದು. ಇದರಲ್ಲಿ ಸೋಮಾರಿತನ ಬೇಡ. ನಮ್ಮ ಮನೆಯ ಕೇಬಲ್‌ಗಳು (ವಾಲ್ವ್‌ಗಳದ್ದು ಬಿಟ್ಟರೆ) 2004ಕ್ಕಿಂತ ಹಿಂದಿನವು, ಕೆಂಪು-ಕಪ್ಪು; ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಅನ್ನುವ ಲೆಕ್ಕ. ಆದರೆ ಥರ್ಮೋಸ್ಟಾಟ್‌ನಿಂದ ವಾಪಸ್ ಬರುವ ಫೇಸ್ ಕಪ್ಪು ವೈರಿನಲ್ಲೇ ಬರುತ್ತದೆ, ಗುರುತಿಗೆ ಅದಕ್ಕೆ ತೊಡಿಸುವ ಒಂದು ಕೆಂಪು ಸ್ಲೀವ್ ಕೂಡ ಇಲ್ಲ. ಕಪ್ಪು ಅಂದರೆ ನ್ಯೂಟ್ರಲ್ ಅಂತ ನಂಬಿದಿರೋ, ಕೆಟ್ಟಿರಿ. ಗ್ಯಾಸ್ ಕಡೆಗೆ ಮಾತ್ರ ನಾನು ತಲೆಹಾಕುವುದಿಲ್ಲ. ಅದು ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಇರುವವರ ಕೆಲಸ.

ಹೆಡ್‌ನ ಮುಚ್ಚಳ ತೆಗೆದು, ಬೂದು-ಕಿತ್ತಳೆಗೆ ಮೀಟರ್ ಕಚ್ಚಿಸಿ, ಲಿವರನ್ನು ಬೆರಳಿನಿಂದ ಕೊನೆಯ ತನಕ ತಳ್ಳಿದೆ. ಸ್ವಿಚ್ ಕೂಡಿಕೊಂಡರೆ ಮೀಟರ್ ಬೀಪ್ ಅನ್ನಬೇಕು, ಬೀಪ್ ಇಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಬೀಪ್. ಬಿಟ್ಟು ಮತ್ತೆ ತಳ್ಳಿದರೆ ಮೌನ. ಸ್ವಿಚ್ ಕಳಚಿ ಬಿಚ್ಚಿದೆ. ಕಾಂಟ್ಯಾಕ್ಟ್ ಮೇಲೆ ಸಾಸಿವೆಯಷ್ಟು ಕಪ್ಪು ಗುಳಿ, ಸುತ್ತ ಪ್ಲಾಸ್ಟಿಕ್ ಕಂದಿದೆ. ಪ್ರತಿ ಸಲ ಕಿಡಿ ಹಾರಿ ಹಾರಿ ಸವೆದಿದೆ, ಪಾಪ.

ಇನ್ನು ಅಂಗಡಿಯವರ ಪುರಾಣ. ಹೊಸ ಹೆಡ್ಡೇ ಹಾಕಿಬಿಡೋಣ ಅಂತ ಮೊದಲೇ ತರಿಸಿದ್ದೆ. ಡಬ್ಬ ತೆಗೆದರೆ ಕಂದು ವೈರ್ ಇರುವ ಜಾಗದಲ್ಲಿ ಬಿಳಿ ವೈರ್! ಅದು ಒಂದೇ ವಾಲ್ವ್ ಎರಡೂ ಕೆಲಸ ಮಾಡುವ ವೈ-ಪ್ಲಾನ್‌ನ ತ್ರೀ-ಪೋರ್ಟ್ ಹೆಡ್. ಫೋನ್ ಮಾಡಿದರೆ, 'ಐದು ವೈರ್ ಇದೆಯಲ್ಲಾ, ಅದೇ' ಅನ್ನುತ್ತಾನೆ ಪುಣ್ಯಾತ್ಮ. ಐದು ಕಾಲಂ ಇದ್ದ ಮಾತ್ರಕ್ಕೆ ಕರೆಂಟ್ ಬಿಲ್ಲೂ ಮಾರ್ಕ್ಸ್ ಕಾರ್ಡೂ ಒಂದೇನಾ? ವಾಪಸ್ ಕಳಿಸುವ ಅಂಚೆ ಖರ್ಚೂ ನನ್ನದೇ ಅಂತೆ. ಬೇರೆ ಕಡೆ ಮೈಕ್ರೋಸ್ವಿಚ್ ಒಂದನ್ನೇ ತಂದೆ. ಹೆಡ್‌ನ ಬೆಲೆಗೆ ಹೋಲಿಸಿದರೆ ಚಿಲ್ಲರೆ ಕಾಸು. ಈಗ ವಾಲ್ವ್ ತೆರೆದ ತಕ್ಷಣ ಬಾಯ್ಲರ್ ಧಗ್ ಅನ್ನುತ್ತದೆ.

ಮುಂದಿನ ಸಲ ಮೈಸೂರಿಗೆ ಹೋದಾಗ ಅಪ್ಪನ ಗೀಸರ್ ಸರದಿ. ಆನ್ ಮಾಡಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುತ್ತದಂತೆ. ಎಲಿಮೆಂಟ್ ಒಳಗೆ ತೇವ ಹೋಗಿದೆ ಅಂತ ನನ್ನ ಅನುಮಾನ. ಇದನ್ನು ಮಲ್ಟಿಮೀಟರ್‌ನಲ್ಲಿ ನೋಡಿದರೆ ಸಾಲದು, ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟ್ ಮೆಗ್ಗರ್ ಹಚ್ಚಬೇಕು. ಅಲ್ಲಿಯವರೆಗೆ ಗೀಸರ್ ಮುಟ್ಟಬೇಡಿ, ಆ ಆರ್‌ಸಿಸಿಬಿಯನ್ನು ಯಾರ ಮಾತು ಕೇಳಿಯೂ ಬೈಪಾಸ್ ಮಾಡಿಸಬೇಡಿ ಅಂತ ಅಪ್ಪನಿಂದ ಆಣೆ ಹಾಕಿಸಿಕೊಂಡಿದ್ದೇನೆ.

ಅದಕ್ಕೂ ಮುಂಚೆ ಇಲ್ಲಿ ಒಂದು ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್) ಕೂರಿಸಬೇಕು. ಕಂದು, ಕಿತ್ತಳೆ ಎರಡಕ್ಕೂ ಒಂದೊಂದು ಆಪ್ಟೋಕಪ್ಲರ್, ಅಂದರೆ ಫೇಸ್ ಇದೆ ಅನ್ನುವ ಸುದ್ದಿಯನ್ನು ಬೆಳಕಿನ ಮೂಲಕ ಮಾತ್ರ ಬೋರ್ಡ್‌ಗೆ ಮುಟ್ಟಿಸುವ ಚಿಪ್. ಕಂದಿಗೆ ಫೇಸ್ ಬಂದು ಅರ್ಧ ನಿಮಿಷದೊಳಗೆ ಕಿತ್ತಳೆಗೂ ಬರದಿದ್ದರೆ ಫೋನಿಗೆ ಮೆಸೇಜ್. ಬಿಸಿನೀರು ಆನ್ ಇದ್ದಾಗ ಕಿತ್ತಳೆಗೆ ಹೇಗಿದ್ದರೂ ಫೇಸ್ ಇರುತ್ತದೆ, ಆ ಹೊತ್ತಿನ ಲೆಕ್ಕ ಬಿಡಬೇಕು. ಬೋರ್ಡ್ ಆರ್ಡರ್ ಹಾಕಿದ್ದಾಯಿತು. ಆ ಪುಣ್ಯಾತ್ಮನ ಅಂಗಡಿಯಲ್ಲಂತೂ ಅಲ್ಲ.