ನೆದರ್‌ಲ್ಯಾಂಡ್ಸ್‌ನಲ್ಲಿ ಕೊಟ್ಟಿಗೆಯ ರೈತನೂ ಮೇಷ್ಟ್ರೇ

ಕೃಷಿ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ವಿದ್ಯಾರ್ಥಿಗಳ ಜೊತೆ ನೆದರ್‌ಲ್ಯಾಂಡ್ಸ್‌ಗೆ ಅಧ್ಯಯನ ಪ್ರವಾಸ ಹೋಗುವ ಅವಕಾಶ ಸಿಕ್ಕಿತ್ತು. ಬಂದಾಗಿನಿಂದ ಎಲ್ಲರೂ ಕೇಳುವುದು ಗ್ರೀನ್‌ಹೌಸ್ ಹೇಗಿತ್ತು, ಹಾಲು ಕರೆಯುವ ರೋಬೋಟ್ ನೋಡಿದ್ರಾ ಅಂತಲೇ. ನೋಡಿದೆವು, ಚೆನ್ನಾಗಿದೆ. ಆದರೆ ನನ್ನ ಕೆಲಸಕ್ಕೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಬೇರೆ: ಅಲ್ಲಿನ ಹುಡುಗ ಹುಡುಗಿಯರು ಬೇಸಾಯವನ್ನು ಯಾರ ಹತ್ತಿರ ಕಲಿಯುತ್ತಾರೆ ಅನ್ನೋದು.

ವಾಗೆನಿಂಗನ್ ವಿಶ್ವವಿದ್ಯಾಲಯದ ಹೆಸರು ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. 1876ರಲ್ಲಿ ಶಾಲೆಯಾಗಿ ಶುರುವಾಗಿ, 1918ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಯಾಯಿತು. ಆದರೆ ದನ ಸಾಕಲು, ಹೊಲ ಮಾಡಲು ಹೊರಟ ಎಷ್ಟೋ ಮಕ್ಕಳು ಹೋಗುವುದು ವೃತ್ತಿ ಶಾಲೆಗಳಿಗೆ. ಅಲ್ಲಿ ಎರಡು ದಾರಿ ಇವೆ. ಶಾಲೆಯಲ್ಲಿ ಓದುತ್ತಾ ನಡುನಡುವೆ ತೋಟಗಳಲ್ಲಿ ತರಬೇತಿ ಪಡೆಯುವುದು ಒಂದು. ವಾರದ ಬಹುಪಾಲು ದಿನ ಸಂಬಳಕ್ಕೆ ಫಾರ್ಮಿನಲ್ಲಿ ದುಡಿದು, ಒಂದು ದಿನ ಮಾತ್ರ ಶಾಲೆಗೆ ಬರುವುದು ಇನ್ನೊಂದು. ಕಲಿಯುವ ಮಕ್ಕಳನ್ನು ಇಟ್ಟುಕೊಳ್ಳಬೇಕಾದರೆ ಆ ಫಾರ್ಮಿಗೆ ಮಾನ್ಯತೆ ಇರಬೇಕು. ಕಲಿಸುವ ಹೊಣೆ ಹೊತ್ತವರು ಒಬ್ಬರು ಅಲ್ಲಿ ಇರಲೇಬೇಕು. ಸುಮ್ನೆ ಯಾರದೋ ಹೊಲಕ್ಕೆ ಮಕ್ಕಳನ್ನು ಕಳಿಸಿ ಸಹಿ ಹಾಕಿಸಿಕೊಂಡು ಬರುವ ವ್ಯವಸ್ಥೆ ಅಲ್ಲ.

ಫ್ಲೆವೊಲ್ಯಾಂಡ್ ಪ್ರಾಂತ್ಯದ ಒಂದು ಕೊಟ್ಟಿಗೆಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಹಸು ಹಿಂಡಿಯ ಆಸೆಗೆ ತಾನಾಗಿಯೇ ರೋಬೋಟಿನ ಒಳಗೆ ಬರುತ್ತದೆ. ಕೊರಳಪಟ್ಟಿ ನೋಡಿ ಯಂತ್ರ ಅದರ ಗುರುತು ಹಿಡಿಯುತ್ತದೆ, ಮೊಲೆ ತೊಳೆಯುತ್ತದೆ, ಒಂದೊಂದು ಮೊಲೆಯ ಹಾಲನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಕೆಚ್ಚಲು ಬಾವು ಬಂದರೆ ಹಾಲಿನಲ್ಲಿ ಉಪ್ಪಿನಂಶ ಏರಿ, ಅದರಲ್ಲಿ ವಿದ್ಯುತ್ ಹರಿಯುವ ಪ್ರಮಾಣವೂ ಏರುತ್ತದೆ. ಯಂತ್ರ ಆ ಹಸುವನ್ನು ಪರೀಕ್ಷಿಸಬೇಕಾದ ಹಸುಗಳ ಪಟ್ಟಿಗೆ ಸೇರಿಸುತ್ತದೆ. ಇಷ್ಟು ಯಂತ್ರದ ಪಾಲು. ಅಲ್ಲಿ ಕಲಿಯುತ್ತಿದ್ದ ಹುಡುಗಿ ಪಟ್ಟಿ ಹಿಡಿದು ಆ ಹಸುವಿನ ಹತ್ತಿರ ಹೋದಳು. ಮೊದಲು ಅದರ ನಡಿಗೆ ನೋಡಿದಳು, ಆಮೇಲೆ ಕೆಚ್ಚಲು ಒತ್ತಿ ನೋಡಿ, ಕಪ್ಪು ಬಟ್ಟಲಿಗೆ ನಾಲ್ಕು ಧಾರೆ ಹಿಂಡಿ ಗರಣೆ ಇದೆಯಾ ಅಂತ ಹುಡುಕಿದಳು. ಪಕ್ಕದಲ್ಲಿ ನಿಂತಿದ್ದ ರೈತ ಉತ್ತರ ಹೇಳಿಕೊಡಲಿಲ್ಲ. ಏನು ಕಂಡಿತು, ಈಗ ಏನು ಮಾಡ್ತೀಯ ಅಂತ ಅವಳನ್ನೇ ಕೇಳಿದ. ಅವಳು ಹೇಳಿ ಮುಗಿಸುವ ತನಕ ಕಾದ. ನಾನು ಆಗಾಗ ಇದನ್ನೇ ನೆನೆಸಿಕೊಳ್ಳುತ್ತೇನೆ.

ಅದೇ ಊರಿನ ಹೊಲದಲ್ಲಿ ಮಣ್ಣಿನ ಗುಂಡಿ ತೋಡಿ ಬೇರು, ಎರೆಹುಳು ತೋರಿಸಿದರು. ಮಣ್ಣಿನಲ್ಲಿ ಚಿಪ್ಪುಗಳು! ಹಿಂದೆ ಸಮುದ್ರವಿದ್ದ ಜಾಗದಿಂದ 1957ರಲ್ಲಿ ನೀರು ಹೊರಹಾಕಿ ಪಡೆದ ನೆಲ ಅದು, ಈಗಲೂ ಸಮುದ್ರ ಮಟ್ಟಕ್ಕಿಂತ ಕೆಳಗಿದೆ.

ಅಲ್ಲಿ ಎಲ್ಲವೂ ಸರಿ ಇದೆ ಅಂತಲ್ಲ. ದನ ಹೆಚ್ಚಾಗಿ ಸಗಣಿಯೇ ಅವರಿಗೆ ದೊಡ್ಡ ತಲೆನೋವು. ಯುರೋಪಿನ ನಿಯಮದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸಗಣಿ ಗೊಬ್ಬರದಿಂದ 170 ಕಿಲೋ ಸಾರಜನಕದ ಮಿತಿ ಇದೆ. ಸಾರಜನಕ ಇಳಿಸಲು ದನ ಕಡಿಮೆ ಮಾಡಬೇಕು ಅನ್ನುವ ಜಗಳಕ್ಕೇ 2019ರಲ್ಲಿ ರೈತರು ಟ್ರ್ಯಾಕ್ಟರ್ ತಗೊಂಡು ಹೇಗ್ ನಗರಕ್ಕೆ ಹೋದರು. ಸಗಣಿಗಾಗಿ ಹಂಬಲಿಸುವ ಊರುಗಳಿಂದ ಹೋದ ನಮ್ಮ ಮಕ್ಕಳಿಗೆ ಇದನ್ನು ನಂಬುವುದೇ ಕಷ್ಟವಾಯಿತು.

ಪ್ರವಾಸಕ್ಕೆ ಕರೆದುಕೊಂಡು ಹೋಗುವ ಮೇಷ್ಟ್ರುಗಳಿಗೆ ಎರಡು ಮಾತು. ಕಂಪನಿಗಳ ಶೋರೂಮು ಕಡಿಮೆ ಮಾಡಿ, ಅಲ್ಲಿನ ವಿದ್ಯಾರ್ಥಿಗಳು ಕೆಲಸ ಮಾಡುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಇರುವಂತೆ ಮೊದಲೇ ಬರೆದು ಕೇಳಿ. ಊರಿನ ಕೊಟ್ಟಿಗೆಗೆ ಹಾಕಿದ ಬೂಟು ಒಯ್ಯಬೇಡಿ. ಕಾಲುಬಾಯಿ ಜ್ವರ 2001ರಲ್ಲಿ ಅವರನ್ನು ಬಹಳ ಕಾಡಿತ್ತು, ನಮ್ಮಲ್ಲಿ ಅದು ಇನ್ನೂ ಇದೆ. ಅವರ ಬಟ್ಟೆ, ಅವರ ಬೂಟು ಹಾಕಿಕೊಂಡೇ ಒಳಗೆ ಹೋಗಬೇಕು.

ನಮ್ಮಲ್ಲೂ ಕೊನೆಯ ವರ್ಷದವರು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಹಳ್ಳಿಯಲ್ಲಿ ಇರುತ್ತಾರಲ್ವಾ? ಅಲ್ಲಿ ಜಾಗ ಕೊಡುವ ರೈತರನ್ನು ನಾವು ಕಲಿಸುವವರು ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಈ ಸಲ ನನ್ನ ತಂಡದ ರೈತರಿಗೆ ಒಂದು ಹಾಳೆ ಕೊಟ್ಟೆ: ಈ ಹುಡುಗ ಯಾವ ಕೆಲಸ ಒಬ್ಬನೇ ಮಾಡಬಲ್ಲ, ಯಾವುದಕ್ಕೆ ನೀವು ಜೊತೆಗಿರಬೇಕು ಅಂತ. ಒಬ್ಬ ಅಮ್ಮ ಅದನ್ನು ಓದಿಸಿಕೊಂಡು, "ಮೇಷ್ಟ್ರೇ, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತಾನೆ ಅಂತಾನೂ ಸೇರಿಸಿ" ಅಂದರು. ಸೇರಿಸಿದೆ. ಆ ಹಾಳೆಗೂ ಅಂಕ ಸಿಗಬೇಕು ಅಂತ ವಿಭಾಗದಲ್ಲಿ ಕೇಳುತ್ತಿದ್ದೇನೆ, ಸಿಗುವ ತನಕ ಕೇಳುತ್ತೇನೆ.