‘ಲೇಹ್‌ನಲ್ಲಿ ಒಂದು ದಿನ ರೆಸ್ಟ್ ಸಾಕಲ್ವಾ?’

ಲಡಾಖಿನ ಎತ್ತರಕ್ಕೆ ದೇಹ ಹೊಂದಿಕೊಳ್ಳೋಕೆ ಸಾಕಾಗಲ್ಲ.

ಬೆಂಗಳೂರಿಂದ ದೆಹಲಿ, ಅಲ್ಲಿಂದ ಬೆಳಗಿನ ವಿಮಾನದಲ್ಲಿ ಲೇಹ್, ಒಂದು ದಿನ ರೆಸ್ಟ್, ಮಾರನೇ ದಿನ ಖರ್ದುಂಗ್ ಲಾ (‘ಲಾ’ ಅಂದರೆ ಬೆಟ್ಟ ದಾಟುವ ಕಣಿವೆದಾರಿ), ಅದರ ಮಾರನೇ ದಿನ ಮಾರ್ಖಾ ಕಣಿವೆಯ ಚಾರಣ ಶುರು. ಈ ಪಟ್ಟಿ ಕಳಿಸಿ ‘ಸಾಕಲ್ವಾ?’ ಅನ್ನುವವರು ಟಿಕೆಟ್ ಆಗಲೇ ತೆಗೆದಿರುತ್ತಾರೆ. ಅವರಿಗೆ ಬೇಕಾಗಿರೋದು ನನ್ನ ಬಾಯಿಂದ ಒಂದು ‘ಹೂಂ’. ಆ ‘ಅಲ್ವಾ’ ಕೇಳಿದರೆ ಸಿಟ್ಟು ಬರುತ್ತೆ. ಅದರ ಬೆನ್ನಿಗೇ ಬರೋದು: ‘ನಾನು ದಿನಾ ಹತ್ತು ಕಿಲೋಮೀಟರ್ ಓಡ್ತೀನಿ. ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೀನಿ.’

ಕುಮಾರಪರ್ವತದ ತುದಿ 1,712 ಮೀಟರ್. ಲೇಹ್ ಬಜಾರು ಸುಮಾರು 3,500. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರನೇ ಎರಡು ಪಾಲು ಮಾತ್ರ. ಅದಕ್ಕೇ ಉಸಿರು ಜೋರಾಗುತ್ತೆ. ಜೋರಾದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಹೋಗಿ ರಕ್ತ ಕ್ಷಾರೀಯವಾಗುತ್ತೆ, ಆಗ ಮೆದುಳು ಉಸಿರಿಗೆ ಕಡಿವಾಣ ಹಾಕುತ್ತೆ. ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಮೂತ್ರದಲ್ಲಿ ಸಾಗಹಾಕಿದ ಮೇಲೇ ಆ ಕಡಿವಾಣ ಸಡಿಲವಾಗೋದು. ಅದಕ್ಕೆ ದಿನಗಳು ಹಿಡಿಯುತ್ತವೆ. ಓಡಿ ಗಟ್ಟಿಯಾದ ಕಾಲು ಈ ಕೆಲಸವನ್ನ ಒಂದು ಗಂಟೆಯಷ್ಟೂ ಬೇಗ ಮುಗಿಸಲ್ಲ. ಗಟ್ಟಿ ಕಾಲಿನವರು ದೇಹ ಹೊಂದಿಕೊಳ್ಳುವ ಮುಂಚೆಯೇ ಮೇಲೆ ಹತ್ತಿಬಿಡುತ್ತಾರೆ, ಅವರ ಬಗ್ಗೆಯೇ ನನಗೆ ಹೆಚ್ಚು ಭಯ.

ಡೈಮಾಕ್ಸ್ ಅನ್ನೋ ಮಾತ್ರೆ ಮಾಡೋದೂ ಇದನ್ನೇ: ಮೂತ್ರಪಿಂಡದ ಆ ಕೆಲಸವನ್ನ ಬೇಗ ಶುರುಮಾಡಿಸುತ್ತೆ. 250 ಮಿ.ಗ್ರಾಂ. ಮಾತ್ರೆ ಸಿಕ್ಕರೆ ಮುರಿದು ಬೆಳಗ್ಗೆ ಅರ್ಧ, ಸಂಜೆ ಅರ್ಧ. ವಿಮಾನ ಹತ್ತುವ ಹಿಂದಿನ ದಿನದಿಂದ ಶುರುಮಾಡಿ, ಲೇಹ್ ಮುಟ್ಟಿದ ಮೇಲೆ ಎರಡು ದಿನ ಮುಂದುವರಿಸಬೇಕು. ಬೆರಳ ತುದಿ ಜುಮ್ಮೆನ್ನುತ್ತೆ, ಮೂತ್ರ ಹೆಚ್ಚಾಗುತ್ತೆ, ಸೋಡಾ ಕುಡಿದರೆ ಸಪ್ಪೆ ಅನಿಸುತ್ತೆ, ಅದಕ್ಕೆಲ್ಲ ಹೆದರಬೇಡಿ. ಸಲ್ಫಾ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನ ಕೇಳದೆ ಮುಟ್ಟಲೇಬಾರದು. ಕರ್ಪೂರ ಮೂಸಿದರೆ ಮೂಗು ತಣ್ಣಗಾಗುತ್ತೆ ಅಷ್ಟೇ, ರಕ್ತಕ್ಕೆ ಆಮ್ಲಜನಕ ಸೇರಲ್ಲ. ಹತ್ತು ಲೀಟರಿನ ಆಕ್ಸಿಜನ್ ಕ್ಯಾನು ನಿಮಿಷಕ್ಕೆ ಎರಡು ಲೀಟರಿನಂತೆ ಐದೇ ನಿಮಿಷಕ್ಕೆ ಖಾಲಿ.

ಈಗ ಊರು ನೋಡುವ ವಿಷಯ. ಬೆಳಗ್ಗೆ ಇಳಿದಾಗ ಏನೂ ಆಗಿಲ್ಲ ಅನಿಸೋದು ಮೋಸ. ತಲೆನೋವು ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ಬರುತ್ತೆ. ಆ ಉತ್ಸಾಹದಲ್ಲಿ ಮಧ್ಯಾಹ್ನವೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತುತ್ತಾರೆ, ರಾತ್ರಿ ವಾಂತಿ. ಲೇಹ್ ಇಳಿಜಾರಿನ ಊರು: ವಿಮಾನ ನಿಲ್ದಾಣ 3,256 ಮೀಟರಿನಲ್ಲಿದೆ, ಬಜಾರು ಅದಕ್ಕಿಂತ ಸುಮಾರು 250 ಮೀಟರ್ ಮೇಲೆ, ಅರಮನೆ, ಸೆಮೋ ಗೊಂಪಾ (ಬೌದ್ಧ ಮಠ) ಇನ್ನೂ ಮೇಲೆ. ಮೊದಲ ದಿನ ಕೋಣೆ, ಊಟ, ಬಜಾರಿನಲ್ಲಿ ನಿಧಾನದ ಒಂದು ಸುತ್ತು, ಅಷ್ಟೇ. ನಡೆಯುತ್ತಾ ಪೂರ್ತಿ ಒಂದು ವಾಕ್ಯ ಮಾತಾಡೋಕೆ ಆಗದಿದ್ದರೆ ನಿಮ್ಮ ನಡಿಗೆ ಜೋರಾಯಿತು ಅಂತ ಅರ್ಥ.

ಇನ್ನೂ ಒಳ್ಳೆಯ ದಾರಿ ಇದೆ, ಯಾಕೋ ಯಾರೂ ಹಿಡಿಯಲ್ಲ. ನಿಲ್ದಾಣದಿಂದ ನೇರ ಟ್ಯಾಕ್ಸಿ ಹತ್ತಿ ಸಿಂಧೂ ನದಿಯ ಜೊತೆ ಕೆಳಗೆ ಆಲ್ಚಿಗೆ ಹೋಗಿ. ಎತ್ತರ ಸುಮಾರು 3,100 ಮೀಟರ್, ದೂರ 65 ಕಿಲೋಮೀಟರಿನಷ್ಟು. ಎರಡು ರಾತ್ರಿ ಅಲ್ಲಿ ಮಲಗಿ, ಹಳೆಯ ಗೊಂಪಾದ ಭಿತ್ತಿಚಿತ್ರ ನೋಡಿ, ಆಮೇಲೆ ಲೇಹ್‌ಗೆ ಬಂದು ಎರಡು ರಾತ್ರಿ ಇರಿ. ಸ್ತೂಪ, ಅರಮನೆ ಆಗ ಹತ್ತಿ. ಹಗಲು ಎಷ್ಟು ಎತ್ತರ ಹತ್ತಿದಿರಿ ಅನ್ನೋದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನೋದೇ ಮುಖ್ಯ.

ನಮ್ಮ ಕಡೆಯವರಿಗೇ ಅಂತ ಒಂದು ಮಾತು. ದಿನಾ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಲೇಹ್‌ನಲ್ಲಿ ಥಟ್ಟನೆ ಬಿಟ್ಟರೆ ತಲೆನೋವು ಬಂದೇ ಬರುತ್ತೆ. ಅದು ಕಾಫಿಯದೋ ಎತ್ತರದ್ದೋ ಗೊತ್ತಾಗದೆ ಒದ್ದಾಡುತ್ತಾರೆ. ಕಾಫಿ ಬಿಡಬೇಡಿ, ಪುಡಿ ಕಟ್ಟಿಕೊಂಡು ಹೋಗಿ. ಬಿಡಬೇಕಾದದ್ದು ಮದ್ಯ, ನಿದ್ರೆ ಮಾತ್ರೆ.

ಇಷ್ಟು ವರ್ಷದಲ್ಲಿ ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಬೇರೆ: ‘ಜೊತೆಗಿರುವವರಿಗೆ ತೊಂದರೆ ಆಗಿದೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?’ ಕಾಯಿಲೆ ಬಂದವರು ಬಾಯಿ ಬಿಡಲ್ಲ. ‘ನಿದ್ದೆ ಸರಿಯಾಗಿಲ್ಲ, ಬಿಸಿಲು’ ಅಂತಾರೆ. ಗುಂಪಿಗೆ ಹೊರೆಯಾಗ್ತೀನಿ ಅನ್ನುವ ನಾಚಿಕೆ.

ತಲೆನೋವಿನ ಜೊತೆ ಊಟ ಬೇಡ ಅನ್ನುವುದು, ವಾಕರಿಕೆ, ಸುಸ್ತು, ತಲೆಸುತ್ತು ಇವುಗಳಲ್ಲಿ ಒಂದಿದ್ದರೂ ಎತ್ತರದ ಕಾಯಿಲೆ ಅಂತಲೇ ಹಿಡಿಯಿರಿ. ನೀರು, ಒಂದು ಡೋಲೋ, ವಿಶ್ರಾಂತಿ. ಕಡಿಮೆ ಆಗುವವರೆಗೆ ಒಂದು ಮೀಟರೂ ಮೇಲೆ ಹೋಗಕೂಡದು. ಆಕ್ಸಿಮೀಟರಿನಲ್ಲಿ 87 ಕಂಡರೆ ಕೋವಿಡ್ ಕಾಲ ನೆನೆದು ಬೆಚ್ಚಬೇಡಿ, ಆ ಎತ್ತರದಲ್ಲಿ ಮೊದಲ ದಿನ ಅಷ್ಟೇ ಇರುತ್ತೆ. ಬೆರಳು ತಣ್ಣಗಿದ್ದರೆ ಅಂಕಿಯೂ ತಪ್ಪು ಬರುತ್ತೆ. ಅಂಕಿ ಬಿಟ್ಟು ಮನುಷ್ಯನನ್ನ ನೋಡಿ.

ದಿನಾ ಸಂಜೆ ಎಲ್ಲರನ್ನೂ ನೆಲದ ಟೈಲ್ಸ್ ಗೆರೆಯ ಮೇಲೆ ನಡೆಸಿ. ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗಬೇಕು, ಹತ್ತು ಹೆಜ್ಜೆ. ಕುಡಿದವರ ಹಾಗೆ ಪಕ್ಕಕ್ಕೆ ವಾಲಿದರೆ, ಮಾತು ತಡವರಿಸಿದರೆ ಮೆದುಳು ಊದುತ್ತಿದೆ. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಕೆಮ್ಮು, ತುಟಿ ನೀಲಿ ಆಗಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ; ಇದು ಹೆಚ್ಚಾಗಿ ಎರಡರಿಂದ ನಾಲ್ಕನೇ ರಾತ್ರಿಯ ಒಳಗೆ ಬರುತ್ತೆ. ಲೇಹ್‌ನಲ್ಲಿದ್ದರೆ ಆ ರಾತ್ರಿಯೇ ಸೋನಂ ನೋರ್ಬು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಮ್ಲಜನಕ ಹಾಕುತ್ತಾರೆ. ಎರಡನೇ ದಿನವೇ ಖರ್ದುಂಗ್ ಲಾ ದಾಟಿ ನುಬ್ರಾಗೆ ಹೋದವರಿಗೆ ಮಾತ್ರ ಈ ಆಸ್ಪತ್ರೆ 5,359 ಮೀಟರಿನ ಆ ಕಣಿವೆದಾರಿಯ ಆಚೆ ಉಳಿದುಬಿಡುತ್ತೆ.

ಮಾರ್ಖಾದಲ್ಲಿ ಕಷ್ಟದ ಜಾಗ ನಿಮಾಲಿಂಗ್. ಅದಕ್ಕೆ ಮುಂಚಿನ ಹಳ್ಳಿ ಹಂಕರ್ ಸುಮಾರು 4,000 ಮೀಟರ್, ನಿಮಾಲಿಂಗ್ ಸುಮಾರು 4,700. 3,000 ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500ಕ್ಕಿಂತ ಹೆಚ್ಚಬಾರದು ಅನ್ನೋ ಲೆಕ್ಕ ಅಲ್ಲಿ ತಪ್ಪುತ್ತೆ. ನಡುವೆ ತಚುಂಗ್ಸೆಯಲ್ಲಿ ಒಂದು ರಾತ್ರಿ ಡೇರೆ ಹಾಕಿ. ನಿಮಾಲಿಂಗ್‌ನಲ್ಲಿ ಯಾರಾದರೂ ಗೆರೆ ತಪ್ಪಿದರೆ ‘ನಾಳೆ ಕೊಂಗ್ಮಾರು ಲಾ ದಾಟಿದರೆ ಆಚೆ ಇಳಿಜಾರೇ ತಾನೆ’ ಅಂತ ಯಾರೋ ಹೇಳೇ ಹೇಳುತ್ತಾರೆ. ಆ ಇಳಿಜಾರಿಗೆ ಮುಂಚೆ ಇನ್ನೂ ಕೆಲವು ನೂರು ಮೀಟರ್ ಏರು ಇದೆ. ಬಂದ ದಾರಿಯಲ್ಲೇ ಹಂಕರ್‌ಗೆ ಇಳಿಸಿ. ಮೆದುಳಿನ ಊತ ತಗ್ಗಿಸೋಕೆ ವೈದ್ಯರು ಬರೆದುಕೊಟ್ಟ ಡೆಕ್ಸಾಮೆಥಸೋನ್ ಮಾತ್ರೆ ಇದ್ದರೆ ಮೊದಲು 8 ಮಿ.ಗ್ರಾಂ., ಆಮೇಲೆ ಆರು ಗಂಟೆಗೊಮ್ಮೆ 4. ಇಳಿಯುವಷ್ಟು ಹೊತ್ತು ಮನುಷ್ಯನನ್ನ ನಿಲ್ಲಿಸೋದಷ್ಟೇ ಅದರ ಕೆಲಸ. ಕತ್ತಲೆ ಅಂತ ಬೆಳಗಿನವರೆಗೆ ಕಾಯಬೇಡಿ. ಕುದುರೆಯವನನ್ನ ಎಬ್ಬಿಸಿ, ಹಣೆದೀಪ ಕಟ್ಟಿ, ಇಬ್ಬರು ಜೊತೆಗೆ ಹೊರಡಿ.