ಜಿ ತಂತಿಯ ಆರನೇ ಫ್ರೆಟ್‌ಗೆ ಜೀವ ಬಂತು

ಕೊನೆಗೂ ಆಯಿತು. ನಾನೇ ಕಟ್ಟಿದ ಬೇಸ್ ಗಿಟಾರ್‌ನಲ್ಲಿ ಜಿ ತಂತಿಯ ಆರನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಒತ್ತಿ ಮೀಟಿದರೆ ಸಿ ಶಾರ್ಪ್ ಈಗ ಪಕ್ಕದ ಸ್ವರಗಳಷ್ಟೇ ಹೊತ್ತು ನಿಲ್ಲುತ್ತದೆ. ಈ ಮಳೆಗಾಲ ಪೂರ್ತಿ ನನ್ನ ತಲೆ ತಿಂದ ಸಮಸ್ಯೆ ಇದು. ಬಾಡಿ ಕತ್ತರಿಸಿದ್ದು, ನೆಕ್ ಪಾಕೆಟ್ ಕೊರೆದಿದ್ದು, ಫ್ರೆಟ್ ಲೆವೆಲ್ ಮಾಡಿದ್ದು ಎಲ್ಲಾ ಬೇಸ್ ಕಟ್ಟುವವರಿಗೆ ಗೊತ್ತಿರುವ ಕೆಲಸವೇ. ಅದನ್ನು ಬಿಟ್ಟು ನೇರವಾಗಿ ಇಲ್ಲಿಗೇ ಬರುತ್ತೇನೆ.

ನಾನು ಕೊನೆಗೆ ಕಟ್ಟಬೇಕೆಂದಿರುವುದು ಅಮೆರಿಕದ ಫೆಂಡರ್ ಕಂಪನಿ 1960ರಲ್ಲಿ ತಂದ ಮೊದಲ ಜಾಝ್ ಬೇಸ್‌ನಂಥದ್ದು. 34 ಇಂಚು ಸ್ಕೇಲ್ (ಮೀಟುವ ತಂತಿಯ ಉದ್ದ), ಒಂದೂವರೆ ಇಂಚಿನ ಸಣ್ಣ ನಟ್ (ನೆಕ್ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ), ಒಂದರ ಮೇಲೊಂದು ಕೂತ ಜೋಡಿ ನಾಬ್. ತಂತಿಯ ಕಂಪನ ಹಿಡಿಯುವ ಪ್ರತಿ ಪಿಕಪ್‌ಗೂ ಅದರದೇ ವಾಲ್ಯೂಮ್, ಅದರದೇ ಟೋನ್. ಸ್ವಲ್ಪ ಕಾಲದಲ್ಲೇ ಫೆಂಡರ್‌ನವರು ಇದನ್ನು ಬಿಟ್ಟು ಮೂರು ನಾಬ್‌ಗೆ ಹೋದರು. ನನಗೆ ಮಾತ್ರ ಆ ಹಳೇದೇ ಇಷ್ಟ. ಬಣ್ಣ ಲೇಕ್ ಪ್ಲಾಸಿಡ್ ಬ್ಲೂ, ಹೆಡ್‌ಸ್ಟಾಕ್‌ಗೂ (ನೆಕ್ ತುದಿಯ ತಲೆ) ಅದೇ ಬಣ್ಣ. ಆ ಕಾಲದ ಫೆಂಡರ್ ಬಣ್ಣಗಳು ಡುಪಾಂಟ್ ಕಂಪನಿಯ ಕಾರ್ ಪೇಂಟ್‌ಗಳೇ ಅಲ್ವಾ? ಹಾಗಾಗಿ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕಾರ್ ಪೇಂಟ್ ಕಲಸಿಕೊಡುವವರ ಹತ್ತಿರ ಮಾತಾಡಿಟ್ಟಿದ್ದೇನೆ. ಎಸ್.ಪಿ. ರೋಡಿನಲ್ಲಿ ಆ ಜೋಡಿ ನಾಬ್‌ನ ಅಡಿ ಕೂರುವ ಪಾಟ್ ಎಷ್ಟು ಹುಡುಕಿದರೂ ಸಿಗಲಿಲ್ಲ, ಅದು ಹೊರಗಿನಿಂದಲೇ ಬರಬೇಕು.

ಆ ಕನಸಿನ ಬೇಸ್‌ಗೆ ಕೈ ಹಾಕುವ ಮೊದಲು ಒಂದು ಕರಡು ಮಾಡಿದೆ. ಬಣ್ಣ ಹಚ್ಚದ ಬಾಡಿ, ರೆಡಿಮೇಡ್ ಮೇಪಲ್ ನೆಕ್, ಅದರ ಮೇಲೆ ಬೆರಳು ಒತ್ತುವ ಬೀಟೆಯ ಬೋರ್ಡ್. ಎಲ್ಲಾ ಚೆನ್ನಾಗಿತ್ತು, ಆರನೇ ಫ್ರೆಟ್ ಒಂದು ಬಿಟ್ಟು. ಮೀಟಿದ ಒಂದು ಸೆಕೆಂಡಿನೊಳಗೆ ಸ್ವರದ ಬುಡ ಮಾಯ. ಮೇಲಿನ ಸಪ್ತಕದ ಸಣ್ಣ ದನಿ ಮಾತ್ರ ಉಳಿಯುತ್ತಿತ್ತು. ಪಕ್ಕದ ಸಿ ಐದಾರು ಸೆಕೆಂಡು ಗುಂಯ್ ಅನ್ನುತ್ತಿತ್ತು.

ಫೆಂಡರ್ ಥರದ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಆಸುಪಾಸಿನಲ್ಲಿ ಡೆಡ್ ಸ್ಪಾಟ್, ಅಂದರೆ ಸ್ವರ ಬೇಗ ಸಾಯುವ ಜಾಗ, ಇರುವುದು ಹೊಸದಲ್ಲ. "ಅದು ಆ ಬೇಸಿನ ಗುಣ, ಬಿಟ್ಟುಬಿಡಿ" ಅನ್ನುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ನಾನು ಬೇಸ್ ನುಡಿಸುವುದು ಹೆಚ್ಚಾಗಿ ಸುಗಮ ಸಂಗೀತಕ್ಕೆ. ನಮ್ಮ ಗಾಯಕರ ಶ್ರುತಿ ಒಂದೂವರೆ, ಹಾರ್ಮೋನಿಯಂನಲ್ಲಿ ಕಪ್ಪು ಒಂದು. ಅಂದರೆ ಸಿ ಶಾರ್ಪ್. ಸತ್ತಿರುವುದು ಷಡ್ಜವೇ! ಹಾಡು ಬಂದು ಕೂರುವ ಜಾಗದಲ್ಲೇ ನೆಲ ಇಲ್ಲ ಅಂದರೆ ಹೇಗೆ ಬಿಡೋದು?

ಮಾಮೂಲಿ ಶಂಕಿತರನ್ನೆಲ್ಲ ಮೊದಲು ವಿಚಾರಿಸಿದೆ. ಫ್ರೆಟ್ ಎದ್ದಿಲ್ಲ. ಪಿಕಪ್ ಇಳಿಸಿದರೂ ಅಷ್ಟೇ. ತಂತಿ ಬದಲಿಸಿದರೂ ಅಷ್ಟೇ. ಆಮೇಲೆ ಹೆಡ್‌ಸ್ಟಾಕ್‌ನ ತುದಿಯನ್ನು ಮರದ ಬೀರುವಿಗೆ ಒತ್ತಿ ಹಿಡಿದು ಮೀಟಿದೆ. ಸಿ ಶಾರ್ಪ್ ಎದ್ದು ಕೂತಿತು. ಹಾಗಾದರೆ ಕಳ್ಳ ನೆಕ್ಕೇ.

ನೆಕ್‌ಗೂ ತನ್ನದೇ ಆದ ಒಂದು ಕಂಪನ ಇದೆ. ತಂತಿಯ ಸ್ವರ ಅದಕ್ಕೆ ಸರಿಯಾಗಿ ಹೊಂದಿಬಿಟ್ಟರೆ ತಂತಿಯ ಶಕ್ತಿಯನ್ನೆಲ್ಲ ನೆಕ್ ಹೀರಿಕೊಂಡು ತಾನು ತೂಗಾಡುತ್ತದೆ. ತಂತಿ ಸುಮ್ಮನಾಗುತ್ತದೆ. ಅದೇ ಸಿ ಶಾರ್ಪನ್ನು ಡಿ ತಂತಿಯ ಹನ್ನೊಂದನೇ ಫ್ರೆಟ್‌ನಲ್ಲಿ ನುಡಿಸಿದರೆ ಇಷ್ಟು ಬೇಗ ಸಾಯುವುದಿಲ್ಲ. ಅಲ್ಲಿ ಬಾಡಿ ಹತ್ತಿರ, ನೆಕ್ ಅಲುಗುವುದು ಕಡಿಮೆ.

ಅಳೆಯುವುದು ಸುಲಭ. ಹೆಡ್‌ಸ್ಟಾಕ್ ಹಿಂದೆ ಕಂಪನ ಹಿಡಿಯುವ ಒಂದು ಪೀಜೋ ಬಿಲ್ಲೆ ಅಂಟಿಸಿ, ಫೋನಿಗೆ ಜೋಡಿಸಿ, ತಂತಿಗಳಿಗೆ ಬಟ್ಟೆ ಸುತ್ತಿ, ಬೆರಳ ಗೆಣ್ಣಿನಿಂದ ಕುಟ್ಟಿ, ಫೋನಿನ ಸ್ಪೆಕ್ಟ್ರಮ್ ಆ್ಯಪ್ ನೋಡಿದರಾಯಿತು. ಒಂದೇ ಎಚ್ಚರ: ಬೇಸ್ ತೊಡೆಯ ಮೇಲೆ ಅಥವಾ ಪಟ್ಟಿಯಲ್ಲಿ ನೇತಾಡುತ್ತಾ ಇರಬೇಕು. ಮೇಜಿನ ಮೇಲೆ ಮಲಗಿಸಿದರೆ ಬೇರೆಯದೇ ಅಂಕಿ ಬರುತ್ತದೆ. ನನಗೆ ಬಂದಿದ್ದು 139 ಹರ್ಟ್ಜ್. ಸಿ ಶಾರ್ಪ್ ಇರುವುದು 138.6ರಲ್ಲಿ. ಇನ್ನೇನು ಸಾಕ್ಷಿ ಬೇಕು?

ಹೆಡ್‌ಸ್ಟಾಕ್‌ಗೆ ಭಾರ ಕಟ್ಟಿದರೆ ಕಂಪನ ಇಳಿಯುತ್ತದೆ. ಫ್ಯಾಟ್ ಫಿಂಗರ್ ಅಂತ ಮಾರುವ ಕ್ಲಾಂಪ್ ಮಾಡುವುದೂ ಇಷ್ಟೇ. ನಾನು ಬಡಗಿ ಕ್ಲಾಂಪ್ ಒಂದನ್ನು ತುದಿಗೆ ಬಿಗಿದೆ. ಅಂಕಿ 131ಕ್ಕೆ ಇಳಿಯಿತು. ಸಿ ಶಾರ್ಪ್ ಬದುಕಿತು, 130.8ರಲ್ಲಿದ್ದ ಸಿ ಸತ್ತಿತು. ಡೆಡ್ ಸ್ಪಾಟ್ ಎಲ್ಲಿಗೂ ಹೋಗುವುದಿಲ್ಲ, ಮನೆ ಬದಲಿಸುತ್ತದೆ ಅಷ್ಟೇ. ಹಾಗಾದರೆ ಅದನ್ನು ಎರಡು ಸ್ವರಗಳ ನಡುವಿನ ಖಾಲಿ ಜಾಗಕ್ಕೆ ಕಳಿಸಬೇಕು. ಅಲ್ಲಿ ಫ್ರೆಟ್ಟೇ ಇಲ್ಲ, ಯಾರಿಗೂ ತೊಂದರೆ ಇಲ್ಲ.

ಭಾರ ಸೇರಿಸಿ ಇಳಿಸುವುದು ನನಗೆ ಇಷ್ಟವಿಲ್ಲ. ಜಾಝ್ ಬೇಸ್‌ನ ತಲೆ ಮೊದಲೇ ಭಾರ, ಎಡಗೈ ಬಿಟ್ಟರೆ ನೆಲ ನೋಡುತ್ತದೆ. ಹಗುರ ಮಾಡಿ ಏರಿಸೋಣ ಅಂತ ಹಗುರದ ಟ್ಯೂನರ್‌ಗಳಿಗೆ (ತಂತಿ ಬಿಗಿಯುವ ಬಿರಡೆ) ಆರ್ಡರ್ ಕೊಟ್ಟೆ. ಇಲ್ಲಿ ಸ್ವಲ್ಪ ಗೊಣಗಲೇಬೇಕು. ನಾಲ್ಕರ ಸೆಟ್ಟೇ ತೆಗೆದುಕೊಳ್ಳಿ, ಬಿಡಿ ಕೊಡೋದಿಲ್ಲ ಅಂದರು ಮಾರುವವರು. ಸರಿ. ಬಂದ ನಾಲ್ಕರಲ್ಲಿ ಒಂದು ಎಡಗೈಯವರ ಬೇಸಿನದು. ಕೇಳಿದರೆ "ಸರ್, ತಿರುಗಿಸಿ ಹಾಕಿ" ಅನ್ನುವ ಸಲಹೆ. ತಿರುಗಿಸಿದರೆ ಕಿವಿ ಕೆಳಗೆ ಬರುತ್ತದೆ! ಅವರ ವೆಬ್ ಪುಟದಲ್ಲಿ ಬರೆದ ತೂಕಕ್ಕೂ ನನ್ನ ತಕ್ಕಡಿಗೂ ಸಂಬಂಧವೇ ಇಲ್ಲ. ಬದಲಿ ಬರುವಷ್ಟರಲ್ಲಿ ಗೌರಿ ಹಬ್ಬ ಮುಗಿದಿತ್ತು. ಇಂಥ ಕೆಲಸಕ್ಕೆ ಪ್ರತಿ ಗ್ರಾಂ ಲೆಕ್ಕ ಅಂತ ಮಾರುವವರಿಗೆ ಯಾರಾದರೂ ಹೇಳಿ.

ನಾಲ್ಕನ್ನೂ ಹಾಕಿ ಕುಟ್ಟಿದೆ. 146.5 ಹರ್ಟ್ಜ್. ಡಿ ಸ್ವರ 146.8. ಏಳನೇ ಫ್ರೆಟ್ ಸತ್ತಿತು. ಆ ರಾತ್ರಿ ಬೇಸನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು ಮಲಗಿಬಿಟ್ಟೆ.

ಬೆಳಿಗ್ಗೆ ಹೆಡ್‌ಸ್ಟಾಕ್ ನೋಡುತ್ತಾ ಕೂತಾಗ ದಾರಿ ಕಂಡಿತು. ಫೆಂಡರ್ ತಲೆಯಲ್ಲಿ ನಾಲ್ಕೂ ಟ್ಯೂನರ್ ಒಂದೇ ಸಾಲು. ಇ ತಂತಿಯದು ನಟ್‌ಗೆ ಹತ್ತಿರ, ಜಿ ತಂತಿಯದು ತುತ್ತತುದಿಯಲ್ಲಿ. ತುದಿಗೆ ಹೋದಷ್ಟೂ ಒಂದೊಂದು ಗ್ರಾಂಗೂ ಪ್ರಭಾವ ಜಾಸ್ತಿ. ಹಾಗಾದರೆ ನಾಲ್ಕನ್ನೂ ಒಟ್ಟಿಗೆ ಯಾಕೆ ಬದಲಿಸಬೇಕು? ಡಿ ಮತ್ತು ಜಿಗೆ ಹಗುರದ್ದು ಬಿಟ್ಟು, ಇ ಮತ್ತು ಎಗೆ ಹಳೇ ಭಾರದ್ದನ್ನೇ ವಾಪಸ್ ಹಾಕಿದೆ. 144. ಇನ್ನೂ ಸ್ವಲ್ಪ ಇಳಿಯಬೇಕು. ತುದಿಯ ಟ್ಯೂನರ್ ಅಡಿಗೆ ಒಂದು ಹಿತ್ತಾಳೆ ವಾಷರ್. 142.7. ಸಿ ಶಾರ್ಪ್ ಮತ್ತು ಡಿ ನಡುವೆ ಸರಿಯಾಗಿ ಅರ್ಧ ದಾರಿ.

ಎರಡೂ ಸ್ವರ ಈಗ ನಾಲ್ಕು ಸೆಕೆಂಡು ದಾಟುತ್ತವೆ. ತಂತಿಯನ್ನು ಬೇಕಂತಲೇ ಎಳೆದು ಸಿ ಶಾರ್ಪನ್ನು ಡಿ ಕಡೆಗೆ ಅರ್ಧ ದಾರಿ ಏರಿಸಿದರೆ ಸ್ವರ ಅಲ್ಲೇ ಕುಸಿಯುತ್ತದೆ. ಅಂದರೆ ಡೆಡ್ ಸ್ಪಾಟ್ ನಾನು ಕಳಿಸಿದ ಜಾಗದಲ್ಲೇ ಇದೆ. ಅದನ್ನು ಕೇಳಿದಾಗ ಆದ ಖುಷಿ ಇದೆಯಲ್ಲ, ಮನೆಯವರನ್ನೆಲ್ಲ ಕರೆದು ಕೇಳಿಸಿದೆ.

ಇದರಿಂದ ಕನಸಿನ ಬೇಸ್‌ನ ನಕ್ಷೆಯೇ ಬದಲಾಯಿತು. ನೆಕ್ ಬಾಗದಂತೆ ಒಳಗಿಡುವ ಟ್ರಸ್ ರಾಡ್‌ನ ಎರಡೂ ಬದಿಗೆ ಕಾರ್ಬನ್ ಫೈಬರ್ ಪಟ್ಟಿ ಹಾಕುವ ಯೋಚನೆ ಮೊದಲಿನಿಂದಲೂ ಇತ್ತು. ನೆಕ್ ಬಿಗಿಯಾಗುತ್ತದೆ, ಕಂಪನ ಏರುತ್ತದೆ. ಆದರೆ ಏರಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಹೇಳಲಾಗದು. ಹಾಗಾಗಿ ಹೆಡ್‌ಸ್ಟಾಕನ್ನು ದಪ್ಪವಾಗಿಯೇ ಉಳಿಸುತ್ತೇನೆ. ಬಣ್ಣ ಹಚ್ಚದ ಮರದಲ್ಲೇ ಟ್ಯೂನರ್ ಹಾಕಿ, ತಂತಿ ಕಟ್ಟಿ, ಕುಟ್ಟಿ ನೋಡಿ, ಹಿಂಬದಿಯಿಂದ ಸ್ವಲ್ಪ ಸ್ವಲ್ಪವೇ ಹೆರೆಯುತ್ತಾ ಹೋಗುವುದು. ಅಂಕಿ ಎರಡು ಸ್ವರಗಳ ನಡುವೆ ಬಂದ ಮೇಲೆಯೇ ಬಣ್ಣ. ಬಣ್ಣಕ್ಕೂ ತೂಕ ಇದೆ, ಅದಕ್ಕೆ ಒಂದು ಹರ್ಟ್ಜ್ ಮೇಲೆಯೇ ನಿಲ್ಲಿಸಬೇಕು.

ಬೋರ್ಡ್‌ಗೆ ಬೀಟೆಯೇ. ಫೆಂಡರ್‌ನವರು ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸಿ ಆಮೇಲೆ ನಮ್ಮ ದೇಶದ ಬೀಟೆಗೆ ಬಂದರು. ನನಗೆ ಅರಣ್ಯ ಇಲಾಖೆಯ ಹರಾಜಿನಲ್ಲಿ ಬಂದ, ಕಾಗದ ಪತ್ರ ಸರಿ ಇರುವ ಮರವೇ ಬೇಕು. ಅದಕ್ಕೆ ಎಷ್ಟು ಕಾಯಬೇಕಾದರೂ ಸರಿ.

ಈ ನಡುವೆ ಇನ್ನೊಂದು ಹುಳ ಹೊಕ್ಕಿದೆ. ವೀಣೆ ಮಾಡುವ ಹಲಸಿನ ಮರದಲ್ಲಿ ಒಂದು ಬೇಸ್ ಬಾಡಿ, ಫ್ರೆಟ್ ಇಲ್ಲದ ನೆಕ್. ಹೆಸರಾಂತ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತನ್ನ 1962ರ ಜಾಝ್ ಬೇಸ್ ಬೋರ್ಡ್‌ಗೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದ. ಅದೇ ಥರ ಬೀಟೆಯ ಮೇಲೆ ಬಳಿದು ನೋಡಬೇಕು. ತೊಂದರೆ ಏನೆಂದರೆ ಫ್ರೆಟ್ ಇಲ್ಲದಿದ್ದರೆ ಸ್ವರಗಳ ನಡುವೆ ಖಾಲಿ ಜಾಗವೇ ಇಲ್ಲ. ಗಮಕ ಜಾರುವಾಗ ಡೆಡ್ ಸ್ಪಾಟ್ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಜಾಗ ಬದಲಿಸಿದರೆ ಸಾಲದು, ಕಂಪನವನ್ನೇ ಮೆತ್ತಗೆ ಮಾಡಬೇಕು. ಹೆಡ್‌ಸ್ಟಾಕ್‌ನೊಳಗೆ ರಬ್ಬರ್ ಮೇಲೆ ಕೂತ ಒಂದು ಚಿಕ್ಕ ಭಾರ ಇಟ್ಟರೆ? ಬಡಗಿ ಕ್ಲಾಂಪ್‌ಗೆ ಸೈಕಲ್ ಟ್ಯೂಬ್ ಸುತ್ತಿ ನಾಳೆಯೇ ಒಂದು ಸಲ ಅಳೆಯುತ್ತೇನೆ.